ಸೋಮವಾರ ನಿಲ್ಲುತ್ತಿದ್ದ ಮೋಟಾರು

ಮಿಸ್ತ್ರಿ ಕಾಕಾನ ಒಂಬತ್ತು ಬೆರಳಿನ ಉಗುರು ಕಪ್ಪಾಗಿ ಚರ್ಮದ ಮಟ್ಟಕ್ಕೆ ಸವೆದಿದ್ದವು. ಬಲಗೈ ಹೆಬ್ಬೆರಳಿನದು ಮಾತ್ರ ಗೋಧಿಕಾಳಿನಷ್ಟು ಮುಂದೆ ಚಾಚಿಕೊಂಡಿತ್ತು. ಬೆಳಿಗ್ಗೆ ಕಟ್ಟೆಯ ಕಲ್ಲಿಗೆ ತಿಕ್ಕಿ ತಿಕ್ಕಿ ಅದನ್ನು ನೆಟ್ಟಗೆ ಇಟ್ಟುಕೊಳ್ಳುತ್ತಿದ್ದರು. ಗಂಡಸಿಗೆ ಇದೇನು ಶೋಕಿ ಎಂದು ನಾನೇ ಒಮ್ಮೆ ಬಾಯಿಬಿಟ್ಟು ಕೇಳಿದೆ.

“ಶೋಕಿ ಅಲ್ಲ ಯವ್ವಾ. ಕಣ್ಣಿಗೆ ಕಾಣಲಾರದ್ದು ಇದಕ್ಕ ಸಿಗತದ,” ಎಂದರು.

ಹುಮನಾಬಾದಿನ ದಾರಿಯಲ್ಲಿರುವ ಹುಡಗಿ ಎಂಬ ಊರಿನಿಂದ ನಾನು ಕಲ್ಯಾಣಕ್ಕೆ ಮದುವೆಯಾಗಿ ಬಂದಾಗ ನಮ್ಮ ಎದುರುಮನೆಯೇ ಅವರದು. ಅವರ ಹಿರಿಯರು ಎತ್ತಿನ ಗಾಡಿ ಮಾಡುವ ಬಡಿಗರು. ಇವರು ಹೈದರಾಬಾದಿಗೆ ಹೋಗಿ ಮೋಟಾರಿನ ಕೆಲಸ ಕಲಿತು ಬಂದಿದ್ದರು. ಆಗ ಕಲ್ಯಾಣದಿಂದ ಹುಮನಾಬಾದಿಗೆ ನಮ್ಮ ಓಣಿಯ ಕಡೆಯಿಂದ ಹೋಗುತ್ತಿದ್ದುದು ಊರಿನ ಸಾಹುಕಾರರ ಒಂದೇ ಸರ್ವಿಸ್ ಮೋಟಾರು, ಬಾಡಿಗೆಗೆ ಜನ ಹತ್ತಿಸಿಕೊಳ್ಳುವಂಥದು. ಓಡಿಸುವವರೂ ಕಾಕಾನೇ, ರಿಪೇರಿ ಮಾಡುವವರೂ ಕಾಕಾನೇ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದಾಗ ಅದು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಅನಿಲದಿಂದಲೇ ಕೆಮ್ಮುತ್ತ ಓಡಿತು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿನ ಮೈ ತೊಳೆದು, ಗೊರಸು ನೋಡಿ, ನೆರಳಿಗೆ ಕಟ್ಟುತ್ತಾರೆ. ಕಾಕಾ ಆ ಪದ್ಧತಿಯನ್ನು ಮೋಟಾರಿಗೂ ಹಚ್ಚಿದರು. ಸೋಮವಾರ ಅದು ಬೇವಿನ ಗಿಡದ ಕೆಳಗೆ ನಿಲ್ಲಬೇಕು. ಗಾಲಿ, ಬ್ರೇಕು, ಸ್ಟಿಯರಿಂಗು ಎಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಹರಡಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದರ ಮೇಲೂ ಆ ಉಗುರು ಎಳೆಯುತ್ತಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಓಣಿಯ ಬಾವಿಯ ಗಡಗಡಿ, ನನ್ನ ಮಗುವಿನ ತೊಟ್ಟಿಲ ಹಗ್ಗ, ಯಾವುದನ್ನೂ ಬಿಡುತ್ತಿರಲಿಲ್ಲ. ಬಹಳ ಕಿರಿಕಿರಿ ಮನುಷ್ಯ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

ಸಾಹುಕಾರರಿಗಂತೂ ಸೋಮವಾರ ಬಂತೆಂದರೆ ದಿನದ ಗಳಿಕೆ ಹೋಯಿತೆಂದು ಹೊಟ್ಟೆಯುರಿ.

“ಸರಕಾರದ ಸಾಹೇಬ್ರು ವರ್ಷಕ್ಕೊಮ್ಮೆ ನೋಡಿ ಕಾಗದ ಕೊಟ್ಟಾರ. ನೀ ಯಾಕ ವಾರಕ್ಕೊಮ್ಮೆ ಬಿಚ್ಚತೀ ಮಿಸ್ತ್ರಿ?” ಎಂದು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು.

“ನೀವು ವರ್ಷಕ್ಕೊಮ್ಮೆ ಮಾರಿ ತೊಳಕೋತೀರೇನ್ರಿ ಸಾಹುಕಾರ್ರ?” ಎಂದು ಕಾಕಾ ಮೋಟಾರಿನ ಕೆಳಗಿನಿಂದಲೇ ಕೇಳುತ್ತಿದ್ದರು.

ಅಂಥದೇ ಒಂದು ಸೋಮವಾರ ಬೆಳಿಗ್ಗೆ ಹುಡಗಿಯಿಂದ ಒಬ್ಬ ಮನುಷ್ಯ ರಾತ್ರಿಯೆಲ್ಲ ನಡೆದು ಬಂದ. ನನ್ನ ಅಪ್ಪನಿಗೆ ಕಾಯಿಲೆ ಜೋರಾಗಿದೆ, ಕಣ್ಣು ಬಾಗಿಲ ಕಡೆಯೇ ನೆಟ್ಟಿವೆ, ಮಗಳನ್ನು ಕರೆತನ್ನಿ ಅಂದಿದ್ದಾರೆ ಎಂದ. ನನ್ನ ಗಂಡ ಊರಲ್ಲಿರಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬೇವಿನ ಗಿಡದ ಕಡೆ ಓಡಿದೆ. ಮೋಟಾರಿನ ಮೂತಿ ಬಿಚ್ಚಿ ಬಿದ್ದಿತ್ತು. ನನ್ನ ಅಳು ಕಂಡು ಸಾಹುಕಾರರೇ ಹೇಳಿದರು, “ಜೋಡಿಸು ಮಿಸ್ತ್ರಿ. ಒಂದು ಸೋಮಾರ ಬಿಟ್ರ ಏನಾಗತದ?”

ಕಾಕಾ ಸ್ಟಿಯರಿಂಗಿನ ರಾಡು ಎತ್ತಿ ನನ್ನ ಮುಂದೆ ಹಿಡಿದರು. “ನಿನ್ನ ಉಗುರು ಎಳಿ ಇಲ್ಲಿ. ಸಿಗತದೇನು?”

ಎಳೆದೆ. ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ಒಂದು ಕಡೆ ಉಗುರು ಸಣ್ಣಗೆ ತಡೆಯಿತು.

“ಸೀಳು ಬಿಟ್ಟದ,” ಎಂದರು ಕಾಕಾ. “ಹೊಸಾದು ಹೈದರಾಬಾದಿಂದ ಬರಬೇಕು.”

“ನಿನ್ನೆ ಇದರ ಮ್ಯಾಲೇ ಹೋಗಿ ಬಂದೀಯಲ್ಲ,” ಎಂದರು ಸಾಹುಕಾರರು.

“ನಿನ್ನೆ ನಾ ನೋಡಿದ್ದಿಲ್ಲ ರೀ. ನೋಡಿದ ಮ್ಯಾಲ ಬಿಡಾಕ ಬರಲ್ಲ.”

ನನ್ನ ತಲೆ ಕೆಟ್ಟುಹೋಯಿತು. ಹಿರಿಯರು ಎಂಬುದನ್ನೂ ನೋಡದೆ ಬಾಯಿಗೆ ಬಂದಂತೆ ಅಂದೆ. “ನಮ್ಮಪ್ಪ ಸಾಯಾಕತ್ತಾನ. ನಿಮ್ಮ ಸೋಮಾರಕ್ಕ ಬೆಂಕಿ ಬೀಳಲಿ,” ಎಂದೆ. ಕಾಕಾ ರಾಡನ್ನು ಚೀಲದ ಮೇಲಿಟ್ಟು, ಕೈ ಒರೆಸಿಕೊಂಡು, ಓಣಿಯ ತುದಿಗೆ ನಡೆದರು.

ಅಲ್ಲಿ ಒಬ್ಬ ಮುದುಕ ರೈತನ ಮನೆ. ಸೋಮವಾರ ಎತ್ತು ಹೂಡೆಂದು ಕೇಳುವುದು ಬೈಗುಳಕ್ಕೆ ಸಮ. ಮುದುಕ ಆಗಲ್ಲ ಎಂದ. ಕಾಕಾ ಅವನ ಮುಂದೆ ಕೈ ಜೋಡಿಸಿದರು. ಜನ್ಮದಲ್ಲಿ ಒಬ್ಬರ ಮುಂದೆಯೂ ತಗ್ಗದ ಮನುಷ್ಯ. “ಪಾಪ ಬಂದ್ರ ನನಗ ಬರಲಿ,” ಎಂದರು. ಮುದುಕ ಒಪ್ಪಿ ಎತ್ತು ಹೊರಗೆ ತಂದ. ಕಾಕಾ ಕುಳಿತು ಎರಡೂ ಎತ್ತಿನ ಕಾಲು ಒಂದೊಂದಾಗಿ ಎತ್ತಿ ನೋಡಿದರು. ಗಾಡಿಯ ಅಚ್ಚಿನ ಕೆಳಗೆ ತೂರಿ ಉಗುರು ಎಳೆದರು. ನಾನು ಅಳುತ್ತ ನಿಂತಿದ್ದರೂ ಗಡಿಬಿಡಿ ಮಾಡಲಿಲ್ಲ. ಆಗ ನನಗೆ ಅವರ ಕತ್ತು ಹಿಸುಕಬೇಕು ಅನ್ನಿಸಿದ್ದು ಸುಳ್ಳಲ್ಲ.

ಹುಡಗಿ ತನಕ ಕಾಕಾ ಹಗ್ಗ ಹಿಡಿದು ಗಾಡಿಯ ಪಕ್ಕದಲ್ಲೇ ನಡೆದರು. ಎತ್ತಿಗೆ ಭಾರವಾದೀತೆಂದು ಒಮ್ಮೆಯೂ ಹತ್ತಲಿಲ್ಲ. ಮೂರು ಕಡೆ ಎತ್ತು ಬಿಚ್ಚಿ ನೆರಳಲ್ಲಿ ನಿಲ್ಲಿಸಿದರು. ನಾವು ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ಅಪ್ಪ ಪಡಸಾಲೆಯಲ್ಲಿ ಮಲಗಿದ್ದರು. ಜೀವ ಇತ್ತು. ಹುಟ್ಟಾ ಒಕ್ಕಲುತನದ ಮನುಷ್ಯ, ಕೊರಳಗಂಟೆ ಕೇಳಿ ಮೊದಲು ಕೇಳಿದ್ದು ನನ್ನನ್ನಲ್ಲ. “ಸೋಮಾರ ಯಾರು ಎತ್ತು ಹೂಡ್ಯಾರ?” ಎಂದರು.

ಕಾಕಾ ಬಾಗಿಲಲ್ಲೇ ನಿಂತು ಹೇಳಿದರು, “ನಾ ಹೂಡಿಸೀನ್ರಿ. ಕಾಲು ಎತ್ತಿ ನೋಡೀನಿ. ದಣಿಸಿಲ್ಲ.”

“ಎತ್ತಿಗೆ ನೀರು ಕುಡಿಸ್ರಿ,” ಎಂದು ಅಪ್ಪ ನನ್ನ ಕಡೆ ಕೈ ಚಾಚಿದರು.

ಅಪ್ಪ ಇನ್ನೂ ಮೂರು ದಿನ ಇದ್ದರು. ಆ ಮೂರು ದಿನ ನನಗೆ ಸಿಕ್ಕವು. ಮೊಮ್ಮಗನ ಕಾಲು ಎದೆಯ ಮೇಲೆ ಇಡಿಸಿಕೊಂಡರು, ನನ್ನ ಕೈಯಿಂದ ಗಂಜಿ ಕುಡಿದರು. ಕರ್ಮಾಂತರ ಮುಗಿಸಿ ಕಲ್ಯಾಣಕ್ಕೆ ಬಂದಾಗ ಆ ರಾಡು ಎರಡು ತುಂಡಾಗಿ ಕಾಕಾನ ಮನೆಯ ಗೋಡೆಯ ಗೂಡಿನಲ್ಲಿತ್ತು. ಪರೀಕ್ಷೆಗೆಂದು ಕಮ್ಮಾರ ಒಂದೇ ಪೆಟ್ಟು ಹಾಕಿದ್ದಕ್ಕೆ ಮುರಿದಿತ್ತಂತೆ. ನನಗೆ ನಾಚಿಕೆಯಾಯಿತು. “ಬೈದದ್ದು ಮರೀರಿ ಕಾಕಾ,” ಎಂದೆ.

“ನನಗ ಎಲ್ಲಿ ಬೈದಿ? ಸೋಮಾರಕ್ಕ ಬೈದಿ,” ಎಂದು ನಕ್ಕರು.

ನಿಜಾಮರ ರಾಜ್ಯ ಹೋದ ಮರುವರ್ಷ ಕಾಕಾ ಹಾಸಿಗೆ ಹಿಡಿದರು. ಕಣ್ಣು ಹೋಗಿತ್ತು. ಮೋಟಾರಿಗೆ ಹೊಸ ಡ್ರೈವರ್ ಬಂದಿದ್ದ, ಸೋಮವಾರವೂ ಓಡುತ್ತಿತ್ತು. ಒಂದು ದಿನ ಹಾಲು ತೆಗೆದುಕೊಂಡು ಹೋದೆ. ಲೋಟದ ಅಂಚಿಗೆ ಉಗುರು ಎಳೆದು ನೋಡಿಯೇ ಬಾಯಿಗಿಟ್ಟರು.

“ಇವತ್ತ ಯಾವ ವಾರ?”

“ಸೋಮಾರ್ರಿ ಕಾಕಾ.”

“ಮೋಟಾರ ನಿಂತದೇನು?”

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ “ನೋಡಿ ಬರತೀನಿ,” ಎಂದು ಗೂಡಿನಲ್ಲಿದ್ದ ಎರಡು ತುಂಡು ಸೆರಗಿನಲ್ಲಿ ಕಟ್ಟಿಕೊಂಡು ಎದ್ದೆ. ಮೋಟಾರು ಜನ ತುಂಬಿಕೊಂಡು ಹೊರಡಲು ನಿಂತಿತ್ತು. ಸಾಹುಕಾರರು ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಗಂಡಸರ ನಡುವೆ ದಾಟಿ ಹೋಗಿ ಆ ತುಂಡುಗಳನ್ನು ಮೋಟಾರಿನ ಮೂತಿಯ ಮೇಲಿಟ್ಟೆ.

“ಕಾಕಾ ಕೇಳಾಕತ್ತಾರ್ರಿ, ಮೋಟಾರ ನಿಂತದೇನು ಅಂತ,” ಎಂದೆ. “ಹೋಗಿ ಏನು ಹೇಳಲಿ?”

ಸಾಹುಕಾರರು ಆ ಕಬ್ಬಿಣವನ್ನು ಗುರುತಿಸಿದರು. ಆಮೇಲೆ ತಾವೇ ಮೊದಲು ಕೆಳಗಿಳಿದು, ಜನರನ್ನು ಇಳಿಸಿ, ಡ್ರೈವರನಿಗೆ ಗೋಣಿಚೀಲ ಹಾಸಲು ಹೇಳಿದರು. ಮೊದಲ ಗಾಲಿ ಬಿಚ್ಚುವ ತನಕ ನಾನು ಅಲ್ಲೇ ನಿಂತಿದ್ದೆ.

“ನಿಂತದ್ರಿ ಕಾಕಾ,” ಎಂದೆ ಬಂದು.

“ಬಿಚ್ಯಾರೇನು?”

“ಬಿಚ್ಯಾರ್ರಿ. ನಾ ನೋಡೇ ಬಂದೀನಿ.”

ಆ ವಾರ ಮುಗಿಯುವ ಮೊದಲೇ ಕಾಕಾ ಹೋದರು. ಅವರಿಗೆ ಸುಳ್ಳು ಹೇಳಿ ಕಳಿಸಲಿಲ್ಲ ಎಂಬುದೊಂದೇ ನನಗೆ ಸಮಾಧಾನ.