ನೋಟ್‌ಬುಕ್ಕಿನಲ್ಲಿ ತಪ್ಪು ಜಾಗ ಸೇರಿದ ಪ್ರಶ್ನೆ

ಎರಡು ಸಾವಿರದ ದಶಕದಲ್ಲಿ ಹುಣಸೂರಿನ ಸೈಬರ್ ಕೆಫೆಯಲ್ಲಿ ಕುಳಿತು ನಾನು ಅಂತರಜಾಲದ ಚರ್ಚಾಗುಂಪೊಂದಕ್ಕೆ ಬರೆಯುತ್ತಿದ್ದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕಿದ್ದ ಕಾಲ. ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ಪಕ್ಕದ ಮನೆಯ ಅಕ್ಕ, ಸೊಪ್ಪು ಮುರಿದ ದಿನ ತಲೆಸುತ್ತಿ ವಾಂತಿ ಮಾಡಿಕೊಳ್ಳುತ್ತಿದ್ದರು. ಬೆಳೆಸುವವರು, ಕೊಳ್ಳುವವರು, ಕಂಡೂ ಸುಮ್ಮನಿರುವ ಸರ್ಕಾರ, ಎಲ್ಲರ ತಪ್ಪನ್ನೂ ಹೆಸರಿಸಿ ಆ ಬಗ್ಗೆ ಬರೆದೆ.

‘ನಿಮ್ಮಪ್ಪ ಬೀಡಿ ಸೇದಲ್ವಾ?’ ಎಂದ ಗುಂಪಿನ ಒಬ್ಬ. ಪುರಾವೆ ಕೇಳಿದ ಇನ್ನೊಬ್ಬ, ಅದನ್ನು ಕೊಟ್ಟೊಡನೆ ಕಾವೇರಿ ನೀರಿನ ಮಾತೆತ್ತಿದ. ಸಿಟ್ಟಿಗಿಂತ ನನಗೆ ಕುತೂಹಲವೇ ಹೆಚ್ಚಾಯಿತು. ತಿಳಿಯುವ ಆಸೆಯೇ ಇಲ್ಲದವರು ಇಷ್ಟು ಹೊತ್ತು ಯಾಕೆ ವಾದಿಸುತ್ತಾರೆ? ಅವರ ಒಂದೊಂದು ವರಸೆಗೂ ಹೆಸರಿಟ್ಟು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ.

ಒಂದು ದಿನ ಅಪರಿಚಿತರೊಬ್ಬರು ಕೇಳಿದರು: ‘ಸೊಪ್ಪು ಮುರಿಯುವಾಗ ಅವರ ಬಟ್ಟೆ ಒದ್ದೆಯಾಗಿರುತ್ತದೆಯೆ?’ ಅದನ್ನು ‘ನೊಂದವರ ಮೇಲೇ ತಪ್ಪು ಹೊರಿಸುವುದು’ ಎಂಬ ತಲೆಬರಹದಡಿ ಸೇರಿಸಿ, ಖಾರವಾಗಿ ಉತ್ತರಿಸಿದೆ.

ಸಂಜೆ ಇದನ್ನು ತಮಾಷೆಯಾಗಿ ಅಕ್ಕನಿಗೆ ಹೇಳಿದೆ. ಅವರು ನಗಲಿಲ್ಲ.

‘ಒದ್ದೆಯಾಗ್ದೆ ಇರ್ತದಾ? ಬೆಳಿಗ್ಗೆ ಇಬ್ಬನಿಲೇ ಅಲ್ವ ಮುರಿಯೋದು. ಸೀರೆ ಹಿಂಡುದ್ರೆ ಕರ್ರಗೆ ನೀರಿಳೀತದೆ. ಬಿಸ್ಲು ಬಿದ್ಮೇಲೆ ಮುರುದ್ರೆ ಅಷ್ಟು ಸಂಕ್ಟ ಆಗಕಿಲ್ಲ ಕಣಪ್ಪ. ಅವ್ರ್ಯಾರೋ ಸರ್ಯಾಗೇ ಕೇಳವ್ರೆ. ಇಷ್ಟೆಲ್ಲ ಬರ್ದೋನು ನೀನ್ಯಾಕೆ ಕೇಳ್ನಿಲ್ಲ?’

ಅಷ್ಟು ಪುಟಗಳಲ್ಲಿ ಅವರ ನೋವನ್ನು ಬಳಸಿದ್ದೆ. ಅವರನ್ನು ಒಂದು ಮಾತೂ ವಿಚಾರಿಸಿರಲಿಲ್ಲ. ಆ ತಪ್ಪಿಗೂ ಒಂದು ಹೆಸರು ಬೇಕಿತ್ತು.

ಮರುದಿನ ಅಪರಿಚಿತರಲ್ಲಿ ಕ್ಷಮೆ ಕೇಳಿ, ಅಕ್ಕನ ಮಾತನ್ನು ಹಾಗೆಯೇ ಬರೆದೆ. ಅವರು ಮೂರೇ ಸಾಲು ಉತ್ತರಿಸಿದರು: ಒದ್ದೆ ಎಲೆಯ ವಿಷ ಚರ್ಮದಿಂದ ಒಳಗಿಳಿಯುತ್ತದೆ; ಎಲೆ ಒಣಗುವವರೆಗೆ ಕಾಯಲಿ; ಆಗದಿದ್ದರೆ ಮೈಗೆ ಪ್ಲಾಸ್ಟಿಕ್ ಹೊದ್ದುಕೊಳ್ಳಲಿ.

ಅಕ್ಕನ ಜೊತೆ ಹೊಲದ ಯಜಮಾನರ ಬಳಿಗೆ ಹೋದೆ.

‘ಬಿಸ್ಲಿಗೆ ಕಾದ್ರೆ ಸೊಪ್ಪು ಬೇಯ್ಸೋ ಬ್ಯಾರನ್ ತುಂಬೋದ್ಯಾವಾಗ್ಲಾ? ಒಂದಿನದಲ್ಲೇ ತುಂಬ್ಬೇಕು ಅದು.’

‘ನಾನು ವಾಂತಿ ಮಾಡ್ಕಂಡು ಮಲೀಕೊಂಡ್ರೆ ಯಾರು ತುಂಬ್ತಾರೆ ಗೌಡ್ರೇ?’ ಎಂದರು ಅಕ್ಕ.

ಯಜಮಾನರು ಬ್ಯಾರನ್ ಮನೆಯ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. ‘ಆಯ್ತು, ಇಬ್ಬನಿ ಆರ್ಲಿ. ಆದ್ರೆ ಸಂಜೆ ಒಂದ್ಗಂಟೆ ಹೆಚ್ಚು ನಿಂತ್ಕಬೇಕು.’

‘ಅರ್ಧ ಗಂಟೆ’ ಎಂದರು ಅಕ್ಕ.

ಅವರಿಬ್ಬರೂ ಹೀಗೆ ವಾದಿಸುತ್ತಿದ್ದುದನ್ನು ನಾನು ಬೆರಗಿನಿಂದ ಕೇಳುತ್ತ ನಿಂತೆ. ನನ್ನ ನೋಟ್‌ಬುಕ್ಕಿನಲ್ಲಿ ಇಂಥ ಮಾತುಕತೆಗೆ ಒಂದೂ ಹೆಸರಿರಲಿಲ್ಲ.