ಗಾಡಿ ಎತ್ತುವ ಕಬ್ಬಿಣದ ಮೇಜು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕಲ್ಲು ಒಡೆಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಉಡುಪಿಯ ಕಡೆ ಹೋಗುವ ನಾಲ್ಕು ಇಪ್ಪತ್ತರ ಬಸ್ಸು ಹೆದ್ದಾರಿಯ ತಿರುವಿನಲ್ಲಿ ಆಗಷ್ಟೇ ಹಾರ್ನ್ ಹೊಡೆದಿತ್ತು. ಆ ಡ್ರೈವರ್ ಮಳೆಗಾಲದಲ್ಲೂ ಹೊತ್ತು ತಪ್ಪಿಸಿದವನಲ್ಲ. ಹಾರ್ನ್ ನಿಂತ ಕೂಡಲೇ ನನ್ನ ಮೋಟಾರ್‌ಸೈಕಲ್ಲಿನ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ, ಹಳೆಯ ಹೆಂಚನ್ನು ಕಾಲಿನಿಂದ ತುಳಿದಂಥದ್ದು. ಅದರ ಹಿಂದೆಯೇ ನೆರೆಮನೆಯ ಪೊರ್ಬುಗಳ ಕೂಗು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಾಪುವಿನ ಒಂದು ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸ. ಪಾಠ ಮಾಡುವವನಲ್ಲದಿದ್ದರೂ ನೆರೆಯವರಿಗೆ ನಾನು ಮಾಷ್ಟ್ರು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು, ಅಕ್ಕ ಮುಂಬಯಿಯಲ್ಲಿದ್ದಳು. ಕಾಲೇಜಿನ ಗೇಟು ದಾಟಿದ ಮೇಲೆ ಮರುದಿನ ಬೆಳಗಿನವರೆಗೆ ಬಾಯಿ ತೆರೆಯುವ ಸಂದರ್ಭವೇ ಅಪರೂಪ. ಭಾನುವಾರ ಮಾತ್ರ ಹಾಗಲ್ಲ. ಭಾನುವಾರ ಪೊರ್ಬುಗಳು ಬರುತ್ತಿದ್ದರು.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಗೃಹಸ್ಥರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಇವರು ಬೇಲಿಯಾಚೆಯ ಮನೆಯವರು. ಬಹರೈನಿನಲ್ಲಿ ಫಿಟ್ಟರ್ ಆಗಿ ಬಹಳ ವರ್ಷ ದುಡಿದು ಊರಿಗೆ ಮರಳಿದ್ದರು. ಇಗರ್ಜಿಯ ಪೂಜೆ ಮುಗಿಸಿ, ಊಟ ಮಾಡಿ, ಹಳೆಯ ಪ್ಯಾಂಟು ತೊಟ್ಟು ನನ್ನ ಶೆಡ್ಡಿಗೆ ಬಂದರೆಂದರೆ ಕತ್ತಲಾಗುವವರೆಗೆ ನನ್ನ ಮೋಟಾರ್‌ಸೈಕಲ್ಲಿನ ಚಾಕರಿ. ಕಾರ್ಕಳದವರೊಬ್ಬರಿಂದ ಕೊಂಡ ಹಳೆಯ, ಭಾರದ ಗಾಡಿ. ಅದರಲ್ಲಿ ವಾರಕ್ಕೊಮ್ಮೆ ಏನಾದರೊಂದು ಕೆಡುತ್ತಿತ್ತು. ಶನಿವಾರದವರೆಗೂ ಏನೂ ಕೆಡದಿದ್ದರೆ ನನಗೆ ಕಳವಳವಾಗುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬಹುದು.

ಆ ಭಾನುವಾರ ಎಂಜಿನಿನ ಅಡಿಯಿಂದ ಎಣ್ಣೆ ಒಸರುತ್ತಿತ್ತು. ಗಾಡಿಯನ್ನು ಎತ್ತಿ ನಿಲ್ಲಿಸಬೇಕಿತ್ತು. ಕರಾವಳಿಯಲ್ಲಿ ಯಾವುದನ್ನು ಎತ್ತಿ ನಿಲ್ಲಿಸಬೇಕಾದರೂ ಕೈ ಹೋಗುವುದು ಕೆಂಪು ಮುರಕಲ್ಲಿಗೆ. ಮನೆಯ ಗೋಡೆಗೂ ಅದೇ, ಬಾವಿಕಟ್ಟೆಗೂ ಅದೇ, ಹಳೆಯ ಕಪಾಟಿನ ಮುರಿದ ಕಾಲಿನ ಜಾಗಕ್ಕೂ ಅದೇ. ಪೊರ್ಬುಗಳು ತಮ್ಮ ಕಾಂಪೌಂಡ್ ಕಟ್ಟಿ ಉಳಿದಿದ್ದ ನಾಲ್ಕು ಕಲ್ಲುಗಳನ್ನು ಹೊತ್ತು ತಂದರು. ಮಳೆಗಾಲವಿಡೀ ಹೊರಗೆ ನೆನೆದು ಹಸಿರು ಪಾಚಿ ಕಟ್ಟಿದ್ದವು.

“ಇದು ತಡೆಯುತ್ತದಾ ಪೊರ್ಬುಗಳೇ?” ಎಂದೆ.

“ಎಂತ ಮಾಷ್ಟ್ರೇ! ಮುರಕಲ್ಲಿನ ಮೇಲೆ ನಮ್ಮ ಇಡೀ ಇಗರ್ಜಿ ನಿಂತಿದೆ, ಗಂಟೆ ಸಮೇತ. ನಿಮ್ಮ ಈ ತಗಡು ನಿಲ್ಲುವುದಿಲ್ವಾ?”

ಎಂಜಿನಿನ ಕೆಳಗಿನ ಚೌಕಟ್ಟಿಗೆ ಕಲ್ಲು ಕೊಟ್ಟು ಗಾಡಿ ನಿಲ್ಲಿಸಿದೆವು. ಅವರು ಬದಿಯಲ್ಲಿ ಮಲಗಿ ಕೈಯನ್ನು ಅಡಿಗೆ ತೂರಿಸಿದರು. ಹಿಂದಿನ ಕ್ಯಾರಿಯರ್ ಹಿಡಿದು ನಿಲ್ಲುವುದು ನನ್ನ ಕೆಲಸ. “ಆ ಸಣ್ಣ ಸ್ಪ್ಯಾನರ್ ಕೊಡಿ” ಎಂದರು. ಕೊಡಲು ಬಗ್ಗಿದೆ. ಕಲ್ಲು ಒಡೆಯಿತು, ಗಾಡಿ ವಾಲಿತು. ಅವರ ಬಲಗೈಯ ಎರಡು ಬೆರಳುಗಳು ಕಬ್ಬಿಣಕ್ಕೂ ಕಲ್ಲಿಗೂ ನಡುವೆ ಸಿಕ್ಕಿಕೊಂಡವು. ತಲೆ ಒಂದು ಗೇಣಿನಲ್ಲಿ ಉಳಿಯಿತು.

ಬಾಡಿಗೆ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರರು ಬೆರಳುಗಳನ್ನು ಉಳಿಸಿದರು, ಆದರೆ ಪೂರ್ತಿ ಮಡಚಲು ಬರಲಾರದು ಎಂದರು. ಮರುದಿನ ಮೂಸಂಬಿ ಹಿಡಿದು ವಾರ್ಡಿನ ಬಾಗಿಲಿಗೆ ಹೋದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿಯೂ ತಿರುಗಲಿಲ್ಲ. ಹಣ್ಣನ್ನು ಅವರ ಹೆಂಡತಿಯ ಕೈಗೆ ಕೊಟ್ಟು ಬಂದುಬಿಟ್ಟೆ. ಮನೆಗೆ ಮರಳಿದ ಮೇಲೂ ಅವರು ನನ್ನ ಕಡೆ ಸುಳಿಯಲಿಲ್ಲ. ನಾನೂ ಹೋಗಲಿಲ್ಲ. ಬೇಲಿಯಾಚೆ ಅವರ ಕೆಮ್ಮು ಕೇಳಿಸಿದರೆ ಬಾವಿಯ ಹತ್ತಿರವೂ ಹೋಗದೆ ಒಳಗೇ ಇರುತ್ತಿದ್ದೆ.

ನಿದ್ದೆ ಎರಡು ಗಂಟೆಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಕಲ್ಲಿನ ಸದ್ದು ಕೇಳಿ ಎಚ್ಚರವಾಗುತ್ತಿತ್ತು. ಆಮೇಲೆ ಬೆಳಗಿನವರೆಗೆ ಅದೇ. ಪಾಚಿ ಕಟ್ಟಿದ ಕಲ್ಲು, ಅದರ ನಡುವೆ ಹಾದುಹೋಗಿದ್ದ ಬಿಳಿ ಜೇಡಿಮಣ್ಣಿನ ಎಳೆ, ಆ ಎಳೆಯ ಉದ್ದಕ್ಕೂ ಬಿಡುವ ಬಿರುಕು. ಮತ್ತೆ ಮೊದಲಿನಿಂದ. ನೂರಾರು ಸಲ ನೋಡಿದೆ. ಪ್ರತಿ ಸಲವೂ ಕಲ್ಲನ್ನೇ ನೋಡಿದೆ.

ಗಾಡಿಯನ್ನು ಮಾರಿಬಿಡಬಹುದಿತ್ತು. ಆದರೆ ಅದನ್ನು ಮಾರಿದರೆ ಪೊರ್ಬುಗಳಿಗೆ ನನ್ನ ಶೆಡ್ಡಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಎಂದೂ ಬೀಳದಂಥ, ಗಾಡಿ ಎತ್ತುವ ಒಂದು ಲಿಫ್ಟನ್ನು ತಂದು ನಿಲ್ಲಿಸಿದರೆ ಆಗ ಹೋಗಿ ಕರೆಯುವ ಮುಖವಾದರೂ ಬಂದೀತು ಎಂದುಕೊಂಡೆ. ಆ ಕಾಲದಲ್ಲಿ ಮನೆಯ ಶೆಡ್ಡಿಗೆ ಲಿಫ್ಟ್ ಬೇಕೆಂದವರು ನಮ್ಮ ಸೀಮೆಯಲ್ಲಿ ಬೇರೆ ಯಾರೂ ಇದ್ದಿರಲಾರರು.

ಮೊದಲು ನೋಡಿದ್ದು ಮಣಿಪಾಲದ ಒಂದು ವರ್ಕ್‌ಶಾಪಿನಲ್ಲಿ. ಮೆಕ್ಯಾನಿಕ್ ಪೆಡಲ್ ಒತ್ತಿದಂತೆಲ್ಲ ಹಲಗೆಯ ಮೇಲಿದ್ದ ಸ್ಕೂಟರ್ ಎದೆಮಟ್ಟಕ್ಕೆ ಏರಿತು. ಒಳಗೆ ಎಣ್ಣೆಯ ಒತ್ತಡ, ಅಷ್ಟೇ.

“ಒಳಗಿನ ವಾಷರ್ ಹೋದರೆ?” ಎಂದು ಕೇಳಿದೆ.

“ಇಳಿಯುತ್ತದೆ ಸರ್. ಮೆಲ್ಲಗೆ ಇಳಿಯುತ್ತದೆ, ಹೆದರಬೇಡಿ.”

ಮೆಲ್ಲಗಾದರೂ ಇಳಿಯುವಂಥದ್ದು ನನಗೆ ಬೇಡವಾಗಿತ್ತು. ಅಲ್ಲದೆ ನನ್ನ ಶೆಡ್ಡಿನ ಹೆಂಚಿನ ಮಾಡು ತಗ್ಗಿನದು. ಅಷ್ಟೆತ್ತರಕ್ಕೆ ಗಾಡಿ ಏರಿದರೆ ಹ್ಯಾಂಡಲ್ ಹೆಂಚು ಹೊತ್ತ ಮರದ ಪಕಾಸಿಗೆ ಬಡಿಯುತ್ತಿತ್ತು.

ಇನ್ನೊಂದು ಶನಿವಾರ ಕಾರ್ಕಳಕ್ಕೆ ಹೋದೆ. ಅಲ್ಲಿ ಕಲ್ಲಿನ ಕೆಲಸದವರು ಕರಿಕಲ್ಲಿನ ಕಂಬಗಳನ್ನು ಎತ್ತುವ ಸರಪಳಿ ರಾಟೆ ಇತ್ತು. ಕೈ ಬಿಟ್ಟರೂ ಸರಪಳಿ ಜಾರುವುದಿಲ್ಲ, ಎಳೆದಲ್ಲಿಯೇ ನಿಲ್ಲುತ್ತದೆ. ನನಗೆ ಬಹಳ ಹಿಡಿಸಿತು. ಅಲ್ಲಿದ್ದ ಹಿರಿಯ ಕೆಲಸಗಾರ ವೀಳ್ಯದ ಬಾಯಲ್ಲೇ ಕೇಳಿದ:

“ಇದನ್ನು ಯಾವುದಕ್ಕೆ ಕಟ್ಟುತ್ತೀರಿ?”

“ಮಾಡಿನ ತೊಲೆಗೆ.”

“ತೊಲೆ ಯಾವ ಮರದ್ದು?”

ನನಗೆ ಗೊತ್ತಿರಲಿಲ್ಲ. ಆತ ನಕ್ಕ. “ಸರಪಳಿ ಬೀಳುವುದಿಲ್ಲ ಮಾರಾಯ್ರೇ. ಮನೆ ಬೀಳುತ್ತದೆ, ಅಷ್ಟೆ.”

ಮರಳುವಾಗ ಬಸ್ಸು ಹಿರಿಯಡ್ಕದಲ್ಲಿ ನಿಂತಿತ್ತು. ಕಿಟಕಿಯಿಂದ ಒಂದು ವೆಲ್ಡಿಂಗ್ ಅಂಗಡಿ ಕಂಡಿತು. ಅದರೆದುರು ಲಾರಿಯ ಸ್ಕ್ರೂ ಜಾಕ್ ಒಂದು ಬಿದ್ದಿತ್ತು. ಏನೋ ಹೊಳೆದು ಇಳಿದುಬಿಟ್ಟೆ. ಅಂಗಡಿಯವನ ಜೊತೆ ಕೂತು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೆ. ಕಬ್ಬಿಣದ ಉದ್ದನೆಯ ಮೇಜು, ಗಾಡಿ ಹತ್ತಿಸಲು ಇಳಿಜಾರಿನ ಹಲಗೆ, ಎತ್ತುವುದಕ್ಕೆ ಜಾಕ್. ಎತ್ತಿದ ಮೇಲೆ ಭಾರ ಜಾಕಿನ ಮೇಲೆ ಇರಬಾರದು. ಕಾಲುಗಳ ತೂತಿನಲ್ಲಿ ತೂರಿಸುವ ನಾಲ್ಕು ದಪ್ಪ ಪಿನ್ನುಗಳ ಮೇಲೆ ಕೂರಬೇಕು. ಎತ್ತರ ಮೊಣಕಾಲಿಗಿಂತ ತುಸು ಮೇಲೆ ಸಾಕು, ಮಣೆಯ ಮೇಲೆ ಕೂತು ಕೆಲಸ ಮಾಡಬಹುದು.

“ಎರಡು ಪಿನ್ ಸಾಕು ಸರ್” ಎಂದ ಆತ.

“ನಾಲ್ಕು.”

“ನಿಮ್ಮ ಗಾಡಿಗೆ ರೆಕ್ಕೆ ಉಂಟಾ, ಹಾರಿ ಹೋಗುತ್ತದಾ?”

“ನಾಲ್ಕೇ ಇರಲಿ” ಎಂದೆ. ನನ್ನ ಮುಖ ನೋಡಿ ಅವನು ಮತ್ತೆ ತಮಾಷೆ ಮಾಡಲಿಲ್ಲ.

ಮೇಜು ಟೆಂಪೋದಲ್ಲಿ ಬಂತು. ಗಾಡಿಯನ್ನು ಅದರ ಮೇಲೆ ಹತ್ತಿಸಲು ನನಗೆ ಧೈರ್ಯ ಬರಲಿಲ್ಲ. ಗೋಣಿಗಳಲ್ಲಿ ಕಡಲ ಬದಿಯ ಮರಳು ತುಂಬಿಸಿ, ಗಾಡಿಯ ಎರಡರಷ್ಟು ಭಾರ ಹೇರಿ, ಎತ್ತಿ, ಪಿನ್ನು ಹಾಕಿದೆ. ದಿನಾ ಕಾಲೇಜಿಗೆ ಹೊರಡುವ ಮುಂಚೆ ನಾಲ್ಕು ಮೂಲೆಗಳ ಎತ್ತರವನ್ನು ಸ್ಕೇಲು ಹಿಡಿದು ಅಳೆಯುತ್ತಿದ್ದೆ. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಆದರೂ ನಿದ್ದೆ ಬರಲಿಲ್ಲ.

ಒಂದು ಬೆಳಗ್ಗೆ ಹೀಗೆ ಅಳೆಯುತ್ತಿದ್ದಾಗ ಬೇಲಿಯ ಹತ್ತಿರ ಪೊರ್ಬುಗಳ ಹೆಂಡತಿ ನಿಂತಿದ್ದರು. ಅವರನ್ನು ನಾನು, ಪೊರ್ಬು ಎಂದಂತೆಯೇ ಮರ್ಯಾದೆಗೆ, ಬಾಯಿ ಎನ್ನುತ್ತಿದ್ದೆ.

“ಮರಳಿಗೆ ಅಂಗಿ ಹೊಲಿಸುತ್ತೀರಾ ಮಾಷ್ಟ್ರೇ, ದಿನಾ ಅಳತೆ ತೆಗೆಯುವುದು?”

ನಾನು ನಗಲು ಹೋದೆ, ಆಗಲಿಲ್ಲ. “ಪೊರ್ಬುಗಳಿಗೆ ಸಿಟ್ಟು ಇಳಿಯಿತಾ ಬಾಯಿ?” ಎಂದೆ.

“ಸಿಟ್ಟಾ? ಯಾರ ಮೇಲೆ? ಒದ್ದೆ ಕಲ್ಲು ಹೊತ್ತು ತಂದದ್ದು ಅವರು. ಇಗರ್ಜಿಯ ಕತೆ ಹೇಳಿ ನಿಮ್ಮ ಬಾಯಿ ಮುಚ್ಚಿಸಿದ್ದೂ ಅವರು. ನಿಮ್ಮ ಮುಖ ನೋಡಲು ನಾಚಿಕೆಯಂತೆ. ಆಸ್ಪತ್ರೆಯಲ್ಲಿ ನೀವು ಬಂದಾಗ ನಿದ್ದೆಯ ನಾಟಕ ಮಾಡಿದರು. ಇಬ್ಬರೂ ಸರಿ ಇದ್ದೀರಿ. ಭಾನುವಾರ ಕಳಿಸುತ್ತೇನೆ.”

ಭಾನುವಾರ ಬಂದರು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಮೇಜಿನ ಸುತ್ತ ಎರಡು ಸುತ್ತು ಬಂದು, ಪಿನ್ನು ಎಳೆದು ನೋಡಿ, ಮರಳಿನ ಗೋಣಿಗೆ ಎಡಗೈಯಿಂದ ಗುದ್ದಿದರು.

“ಇದು ಗಾಡಿಗಾ, ಆನೆಗಾ?”

“ಯಾವುದನ್ನು ಇಟ್ಟರೂ ಕೆಳಗಿಳಿಯುವುದಿಲ್ಲ ಪೊರ್ಬುಗಳೇ.”

“ಅದು ಸರಿ. ಗಾಡಿ ಹತ್ತಿಸಿದ ಮೇಲೆ ಅದು ಬದಿಗೆ ವಾಲದ ಹಾಗೆ ಹಿಡಿಯುವುದು ಎಂತ? ಇಲ್ಲಿ ಏನೂ ಇಲ್ಲವಲ್ಲ!”

ನಾನು ಮೇಜನ್ನು ನೋಡಿದೆ. ನಿಜ, ಏನೂ ಇರಲಿಲ್ಲ. ಮರಳಿನ ಗೋಣಿ ವಾಲುವುದಿಲ್ಲ. ಇಷ್ಟೆಲ್ಲ ಊರು ಸುತ್ತಿ, ಅಳೆದು, ಬರೆದು, ಬದಿಯ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ವರ್ಷವರ್ಷವೂ ಹುಡುಗರ ಮುಂದೆ ಗುರುತ್ವಕೇಂದ್ರದ ಪ್ರಯೋಗಕ್ಕೆ ಸಾಮಾನು ಜೋಡಿಸಿ ಕೊಡುವವನು ನಾನು.

“ಯಾರು ಹಿಡಿಯುವುದು? ನೀವಾ?” ಅವರು ಮತ್ತೆ ಕೇಳಿದರು.

“ನಾನು ಹಿಡಿಯುವುದು ಬೇಡ. ನಾನು ಬಿಟ್ಟುಬಿಡುತ್ತೇನೆ.” ಬಾಯಿಂದ ಹೊರಟೇಬಿಟ್ಟಿತು. “ಅವತ್ತು ಎರಡೂ ಕೈ ಬಿಟ್ಟಿದ್ದೆ ಪೊರ್ಬುಗಳೇ. ಒಂದಲ್ಲ, ಎರಡೂ. ನಿಮಗೆ ಕಾಣುತ್ತಿರಲಿಲ್ಲ.”

ಅವರು ಮಣೆಯ ಮೇಲೆ ಕೂತರು. ನಾನು ನಿಂತೇ ಇದ್ದೆ.

“ಕಾಣುತ್ತಿತ್ತು” ಎಂದರು. “ನಿಮ್ಮ ಚಪ್ಪಲಿ ತಿರುಗಿದ್ದು ಕಂಡಿತ್ತು. ಸ್ಪ್ಯಾನರ್ ನಾನೇ ಅಲ್ವಾ ಕೇಳಿದ್ದು? ಎರಡು ಕೆಲಸಕ್ಕೆ ಒಬ್ಬನನ್ನು ನಿಲ್ಲಿಸಿದ್ದು ನಾನು. ಬಹರೈನಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಬಯ್ಯುತ್ತಿದ್ದೆ.” ಆಮೇಲೆ ಬಲಗೈಯನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದರು. ಎರಡು ಬೆರಳುಗಳು ಕೋಲಿನಂತೆ ನೆಟ್ಟಗಿದ್ದವು. “ನೋಡಿ. ಎಷ್ಟು ದಿನ ನೋಡದೆ ತಪ್ಪಿಸಿಕೊಳ್ಳುತ್ತೀರಿ?”

ನೋಡಿದೆ.

ಸೀಮೆಸುಣ್ಣ ಕೇಳಿ ತೆಗೆದುಕೊಂಡು ಅವರು ಎಡಗೈಯಿಂದಲೇ ನೆಲದ ಮೇಲೆ ಗೀಚಿದರು: ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕಬ್ಬಿಣದ ದವಡೆ, ಹಿಂದೆ ಚೌಕಟ್ಟಿಗೆ ಎರಡು ಬದಿಯಲ್ಲೂ ಪಟ್ಟಿ. ಗೀಟು ಸೊಟ್ಟಗಿತ್ತು. ಅದನ್ನು ನಾನು ಕಾಗದಕ್ಕೆ ಇಳಿಸಿಕೊಂಡು ಹಿರಿಯಡ್ಕಕ್ಕೆ ಕೊಂಡುಹೋದೆ.

ಮುಂದಿನ ಭಾನುವಾರ ದವಡೆ ಬಿಗಿದು, ಪಟ್ಟಿ ಎಳೆದು ಗಾಡಿ ಎತ್ತಿದೆವು. ನಾನು ಅಭ್ಯಾಸಬಲದಿಂದ ಕ್ಯಾರಿಯರಿಗೆ ಕೈ ಹಾಕಿದ್ದೆ. “ಕೈ ತೆಗೆಯಿರಿ ಮಾಷ್ಟ್ರೇ” ಎಂದರು. ತೆಗೆಯಲು ಬಹಳ ಹೊತ್ತು ಹಿಡಿಯಿತು. ತೆಗೆದೆ. ಗಾಡಿ ಇದ್ದಲ್ಲೇ ಇತ್ತು. ಅವರು ಮಣೆಯನ್ನು ಹತ್ತಿರ ಎಳೆದುಕೊಂಡು, ನೆಟ್ಟಗಿನ ಬೆರಳುಗಳ ಆ ಕೈಯನ್ನೇ ಎಂಜಿನಿನ ಅಡಿಗೆ ತೂರಿಸಿದರು. ನಟ್ಟು ಸಡಿಲಿಸಲು ಮೂರು ಸಲ ಸ್ಪ್ಯಾನರ್ ಜಾರಿತು. ಮೂರು ಸಲವೂ ಕೊಂಕಣಿಯಲ್ಲಿ ಬೈದುಕೊಂಡರು. ನಾಲ್ಕನೆಯದಕ್ಕೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, “ನೀವು ತಿರುಗಿಸಿ, ನಾನು ಹೇಳುತ್ತೇನೆ” ಎಂದರು. ನನ್ನ ಕೈ ಗಾಡಿಯ ಅಡಿಗೆ ಹೋಯಿತು. ಎಣ್ಣೆ ಒಸರುತ್ತಿದ್ದ ಕಡೆಯ ವಾಷರ್ ಬದಲಿಸಿ ಮುಗಿಸುವಾಗ ಬಾಯಿ ರಾತ್ರಿಯ ಊಟಕ್ಕೆ ಕೂಗುತ್ತಿದ್ದರು.

ಅವತ್ತು ಯಾವಾಗ ಮಲಗಿದೆನೋ ನೆನಪಿಲ್ಲ. ಕಣ್ಣು ಬಿಟ್ಟಾಗ ಸೋಮವಾರದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಹಾಲಿನವನು ಕರೆದು ಕರೆದು, ಹೊರಗೆ ಪಾತ್ರೆ ಕಾಣದೆ, ಹಾಲು ಕೊಡದೆಯೇ ಹೋಗಿಬಿಟ್ಟಿದ್ದ. ಕಾಲೇಜಿಗೆ ತಡವಾಗಿತ್ತು.