ಡೋರೀನಳ ಅಡುಗೆಮನೆಗೆ ಬಂದ ಇಲಿಗಳು

ನಮ್ಮ ಪಕ್ಕದ ಮನೆಯ ಡೋರೀನ್ ಸಟ್‌ಕ್ಲಿಫ್‌ಗೆ ಇಲಿ ಎಂದರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಮದುವೆಗೆ ಮುಂಚೆ ಹ್ಯಾಲಿಫ್ಯಾಕ್ಸಿನ ಉಣ್ಣೆ ಗಿರಣಿಯಲ್ಲಿ ನೇಯುತ್ತಿದ್ದಾಗ ಒಂದು ಇಲಿ ಅವಳ ಅಂಗಿಯ ತೋಳಿನೊಳಗೆ ಹೊಕ್ಕು ಬೆನ್ನಿನವರೆಗೂ ಓಡಿತ್ತಂತೆ. ಅಂಥವಳು ಕಟ್ಟಿಕೊಂಡದ್ದು ವಿಲ್ಫ್‌ನನ್ನು. ಬಸ್ಸು ಓಡಿಸುವ ಪಾಳಿ ಮುಗಿದದ್ದೇ ತಡ, ಅವನು ಹಿತ್ತಲಿನ ಮರದ ಶೆಡ್ಡು ಸೇರುತ್ತಿದ್ದ. ಅಲ್ಲಿ ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಅವುಗಳಲ್ಲಿ ಬಿಳಿ, ಬೂದು, ಚಾಕೊಲೇಟ್ ಬಣ್ಣದ ಸಾಕಿಲಿಗಳು. ಬಣ್ಣ, ಮೈಕಟ್ಟು ನೋಡಿ ಬಹುಮಾನ ಕೊಡುವ ಪ್ರದರ್ಶನಗಳಿಗೆ ಅವನ್ನು ಒಯ್ಯುವ ಹುಚ್ಚು ನಮ್ಮ ಗಿರಣಿ ಬೀದಿಗಳಲ್ಲಿ ಪಾರಿವಾಳ ಸಾಕುವಷ್ಟೇ ಸಾಮಾನ್ಯವಾಗಿತ್ತು.

ಡೋರೀನ್ ಹಾಕಿದ್ದು ಒಂದೇ ಕಟ್ಟಳೆ. ಇಲಿ ಮನೆಯ ಹೊಸ್ತಿಲು ದಾಟಬಾರದು. ಅವಳೂ ಶೆಡ್ಡಿಗೆ ಕಾಲಿಡುತ್ತಿರಲಿಲ್ಲ.

ಒಂದು ಫೆಬ್ರವರಿಯಲ್ಲಿ ವಿಲ್ಫ್ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಹೆಂಡತಿಯನ್ನು ಕೇಳಿದ್ದು, "ಇಲಿಗಳಿಗೆ ನೀರಿಟ್ಟ್ಯಾ?"

"ನಾನು ಹೇಗಿದ್ದೀನಿ ಅಂತ ಕೇಳೋಕಾಗಲ್ವಾ ನಿಂಗೆ?"

"ಚೆನ್ನಾಗೇ ಇದ್ದೀಯಲ್ಲ, ಕಣ್ಣೆದುರೇ ಕೂತಿದ್ದೀಯ. ಅವು ಬಾಯ್ಬಿಟ್ಟು ಕೇಳಲ್ಲ ಕಣೇ."

ಬೈದುಕೊಳ್ಳುತ್ತಲೇ ಮನೆಗೆ ಬಂದಳು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ಶೆಡ್ಡಿನ ಬಾಗಿಲು ತೆಗೆದರೆ, ಬಾಟಲಿಗಳಲ್ಲಿ ನೀರು ಕಲ್ಲಾಗಿತ್ತು. ಹುಲ್ಲಿನಡಿ ಇಲಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಅವಳಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಗಳನ್ನೆಲ್ಲ ಎದೆಯಿಂದ ದೂರ ಹಿಡಿದು ಒಂದೊಂದಾಗಿ ಅಡುಗೆಮನೆಗೆ ಹೊತ್ತು ತಂದಳು. ನಾನು ಬೇಲಿಯ ಈಚೆಯಿಂದ, "ಏನ್ ಡೋರೀನ್, ನೆಂಟರು ಬಂದ ಹಾಗಿದೆ!" ಎಂದು ಕೂಗಿದೆ.

"ಬಾಯ್ಮುಚ್ಕೊಂಡು ಬಂದು ಬಾಗಿಲು ಹಿಡಿಯೇ!" ಎಂದಳು.

ದಿನ ಕಳೆದಂತೆ ಕೆಲಸ ಕೈಗೆ ಹತ್ತಿತು. ಮರದ ಹೊಟ್ಟು ಬದಲಿಸುವುದು, ಓಟ್ಸ್ ಹಾಕುವುದು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕೊಟ್ಟು, ಉಳಿದದ್ದನ್ನು ಹುಳಿಯುವ ಮುಂಚೆ ತೆಗೆಯುವುದು. ಗಂಡಿಲಿಗಳು ಕಚ್ಚಾಡುವುದರಿಂದ ಒಂದೊಂದಕ್ಕೂ ಬೇರೆ ಪೆಟ್ಟಿಗೆ. ಅವುಗಳ ನಾತ ತಡೆಯಲಾರದೆ ಚಳಿಯಲ್ಲೂ ಕಿಟಕಿ ಸ್ವಲ್ಪ ತೆರೆದಿಡುತ್ತಿದ್ದಳು. ಹೆಣ್ಣಿಲಿಗಳಿಗೆ ಗಿರಣಿಯ ಗೆಳತಿಯರ ಹೆಸರಿಟ್ಟಳು. ಬೂದು ಬಣ್ಣದ ದಪ್ಪ ಇಲಿ ನೆಲ್ಲಿ, ಚಾಕೊಲೇಟ್ ಬಣ್ಣದ್ದು ಆಗ್ನೆಸ್. ಇಬ್ಬರೂ ಒಂದೇ ವಾರದಲ್ಲಿ ಮರಿ ಹಾಕಿದರು.

ಆಮೇಲೊಂದು ಬೆಳಿಗ್ಗೆ ಡೋರೀನ್ ನಮ್ಮ ಬಾಗಿಲು ಬಡಿದಳು. "ಬಾರೇ ಬೇಗ, ಆಗ್ನೆಸ್ ಹೋಗ್ಬಿಟ್ಟಿದ್ದಾಳೆ!"

ಹೋಗಿ ನೋಡಿದರೆ ತಾಯಿ ಇಲಿ ಸೆಟೆದು ಬಿದ್ದಿತ್ತು. ಪಕ್ಕದಲ್ಲಿ ಕೂದಲಿಲ್ಲದ, ಕಣ್ಣು ಬಿಡದ, ಅವರೆಕಾಳಿನಷ್ಟು ಮರಿಗಳು ತಡಕಾಡುತ್ತಿದ್ದವು. ವಿಲ್ಫ್‌ನನ್ನು ಕೇಳೋಣವೆಂದರೆ ಆಸ್ಪತ್ರೆಯಲ್ಲಿ ಸಂಜೆಯವರೆಗೂ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಷ್ಟು ಹೊತ್ತು ಮರಿಗಳು ಹಾಲಿಲ್ಲದೆ ಇರಲಾರವು.

"ವಿಲ್ಫ್ ಏನೋ ಹೇಳ್ತಿದ್ದ ಕಣೇ," ಎಂದಳು. "ಊಟಕ್ಕೆ ಕೂತಾಗೆಲ್ಲ ಇದೇ ಪುರಾಣ. ನಾನು ಆಲೂಗಡ್ಡೆ ಕಡೆ ಗಮನ ಇಟ್ಕೊಂಡು ಹೂಂ ಅಂತಿದ್ದೆ... ವಾಸನೆ! ಗೂಡಿನ ವಾಸನೆ ಒಂದೇ ಆಗ್ಬೇಕಂತೆ, ಆಗ ಇನ್ನೊಂದು ತಾಯಿ ಸೇರಿಸ್ಕೊಳ್ಳುತ್ತಂತೆ."

ನೆಲ್ಲಿಯನ್ನು ಬಾಲದ ಬುಡದಲ್ಲಿ ಹಿಡಿದೆತ್ತಿ ಹಿಟ್ಟು ಕಲಸುವ ಬೋಗುಣಿಯೊಳಗೆ ಬಿಟ್ಟಳು. ಅನಾಥ ಮರಿಗಳ ಕಡೆ ಕೈ ಚಾಚಿದವಳು ಥಟ್ಟನೆ ನಿಂತಳು. ಕೈಗವಸು ಸೋಪಿನ ವಾಸನೆ ಹೊಡೆಯುತ್ತಿತ್ತು. ಕಣ್ಣು ಮುಚ್ಚಿ ಅದನ್ನು ಕಳಚಿ ಎಸೆದು, ನೆಲ್ಲಿಯ ಗೂಡಿನ ಹುಲ್ಲನ್ನು ಬರಿಗೈಗೆ ಚೆನ್ನಾಗಿ ತಿಕ್ಕಿಕೊಂಡಳು. ಒಂದೊಂದೇ ಮರಿಯನ್ನು ಅಂಗೈಗೆ ತೆಗೆದುಕೊಂಡು ಅದೇ ಹುಲ್ಲಿನಲ್ಲಿ ಹೊರಳಿಸಿ ನೆಲ್ಲಿಯ ಮರಿಗಳ ನಡುವೆ ಇಟ್ಟಳು.

"ಬೆಚ್ಚಗಿವೆ ಕಣೇ," ಎಂದು ಪಿಸುಗುಟ್ಟಿದಳು. "ಮುಟ್ಟಿದ್ರೆ ಏನೂ ಆಗಲ್ಲ ನೋಡು."

ನಾನು ಮುಟ್ಟಲಿಲ್ಲ. ನೆಲ್ಲಿಯನ್ನು ಒಳಗೆ ಬಿಟ್ಟಾಗ ಅದು ಮೂಸಿತು, ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ಎತ್ತಿತು. ತಿಂದೇ ಬಿಡುತ್ತದೆ ಎಂದುಕೊಂಡೆವು. ಮರಿಯನ್ನು ಮೂಲೆಗೆ ಒಯ್ದು ಹುಲ್ಲು ಎಳೆದುಕೊಂಡು ಎಲ್ಲವುಗಳ ಮೇಲೆ ಮಲಗಿತು. ಡೋರೀನ್ ಕುರ್ಚಿಗೆ ಕುಸಿದು ಜೋರಾಗಿ ಅತ್ತಳು. ಆಮೇಲೆ ಟೀ ಮಾಡಿದಳು.

ವಿಲ್ಫ್ ಊರುಗೋಲು ಹಿಡಿದು ಮನೆಗೆ ಬಂದಾಗ ಮರಿಗಳಿಗೆಲ್ಲ ಮೈತುಂಬ ಕೂದಲು ಬಂದಿತ್ತು. "ಪಾಪ, ಬಹಳ ಕಷ್ಟಪಟ್ಟೆ. ಯಾರನ್ನಾದ್ರೂ ಕರೆದು ಶೆಡ್ಡಿಗೆ ಸಾಗಿಸ್ತೀನಿ," ಎಂದ.

"ಅಲ್ಲಿ ಚಳಿ. ಗಂಡುಗಳನ್ನ ಬೇಕಾದ್ರೆ ಬೇಸಿಗೇಲಿ ಸಾಗಿಸು. ನೆಲ್ಲಿ ತಂಟೆಗೆ ಬರ್ಬೇಡ."

"ನೆಲ್ಲಿ ಯಾರೇ?"

ಮುಂದಿನ ಪ್ರದರ್ಶನಕ್ಕೆ ಇಬ್ಬರೂ ಜೊತೆಯಾಗಿ ಹೋದರು. ಆಗ್ನೆಸಳ ಚಾಕೊಲೇಟ್ ಬಣ್ಣದ ಮಗಳಿಗೆ ಮೂರನೆಯ ಸ್ಥಾನ ಸಿಕ್ಕಿತು. ಬಾಲ ಇನ್ನೂ ಉದ್ದವಿರಬೇಕಿತ್ತೆಂದು ತೀರ್ಪುಗಾರ ಹೇಳಿದನಂತೆ. ಡೋರೀನ್ ಅವನ ಮುಖಕ್ಕೇ, "ನಿಮ್ಮ ಮೂಗೂ ಸ್ವಲ್ಪ ಗಿಡ್ಡ ಇರಬಹುದಿತ್ತಪ್ಪ," ಎಂದಳಂತೆ. ವಿಲ್ಫ್ ಇದನ್ನು ಹೇಳುವಾಗ ನಾಚಿಕೆಯಿಂದ ತಲೆ ತಗ್ಗಿಸಿದ, ಆದರೆ ನಗು ಮಾತ್ರ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಡೋರೀನ್ ಆ ಇಲಿಯ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳಂತೆ, ಅವನು ಎಷ್ಟು ಕೇಳಿದರೂ ಕೈಗೆ ಕೊಡಲಿಲ್ಲವಂತೆ.